ಒಂದೇ ಗೋಲಿನ ಕೋಚ್

ಹೋದ ವಾರ ಲ್ಯಾಬಿನಲ್ಲಿ ಪಕ್ಕದ ಮೇಜಿನವಳು ಉಳುಕಿದ ಕಾಲಿಗೆ ನೋವಿನ ಮುಲಾಮು ಹಚ್ಚಿಕೊಂಡಳು. ಕರ್ಪೂರದಂಥ ಆ ಘಾಟು ಮೂಗಿಗೆ ಬಡಿದದ್ದೇ ನಮ್ಮ ಕೋಚ್ ನೆನಪಾದರು. ಪ್ರಾಕ್ಟೀಸಿಗೆ ಮುಂಚೆ ಹುಲ್ಲಿನ ಮೇಲೆ ಕೂತು ಬಲ ಮೊಣಕಾಲಿಗೆ ಅದನ್ನೇ ನಿಧಾನವಾಗಿ ತಿಕ್ಕಿಕೊಳ್ಳುತ್ತಿದ್ದರು. ಅವರ ಆಟ ನಿಲ್ಲಿಸಿದ್ದು ಆ ಮೊಣಕಾಲೇ...

2001ರಲ್ಲಿ ನಾವು ಬೆಂಗಳೂರಿನಿಂದ ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಗೆ ಬಂದು ಎರಡು ವರ್ಷವಾಗಿತ್ತು. ನಾನು ಹೈಸ್ಕೂಲು ಸೇರಿದ್ದೆ. ಮಾತೂ ಕಡಿಮೆ, ಗೆಳತಿಯರೂ ಕಡಿಮೆ. ಬಡಾವಣೆಯ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಕೋಚ್ ನನ್ನನ್ನು, ಎದುರಾಳಿಯನ್ನು ತಡೆಯುವ ಡಿಫೆಂಡರ್ ಆಗಿ ನಿಲ್ಲಿಸಿದರು. ಪೋರ್ಚುಗಲ್‌ನಲ್ಲಿ ವರ್ಷಗಟ್ಟಲೆ ಅವರು ಆಡಿದ್ದೂ ಅದೇ ಜಾಗದಲ್ಲಿ. ಚೆಂಡು ತರುವವಳ ಕಾಲು ನೋಡಬೇಡ, ಸೊಂಟ ನೋಡು ಎನ್ನುತ್ತಿದ್ದರು. ಕಾಲು ಮೋಸ ಮಾಡುತ್ತದೆ, ಸೊಂಟ ಮಾಡುವುದಿಲ್ಲ. ಚೆಂಡು ಕಸಿಯುವ ಅವಸರವೂ ಬೇಡ, ಅವಳನ್ನು ಮೂಲೆಗೆ ನಡೆಸಿಕೊಂಡು ಹೋದರೆ ಸಾಕು. ಗದ್ದಲವಿಲ್ಲದ ಆ ಕೆಲಸ ನನ್ನ ಸ್ವಭಾವಕ್ಕೆ ಒಗ್ಗಿತು.

ಅಪ್ಪ ಕ್ರಿಕೆಟ್ಟಿನ ಮನುಷ್ಯ. ಮೊದಲ ಭೇಟಿಯಲ್ಲೇ, ಒಟ್ಟು ಎಷ್ಟು ಗೋಲು ಹೊಡೆದಿದ್ದೀರಿ ಎಂದು ಕೋಚನ್ನು ಕೇಳಿದರು. ಒಂದು, ಅದೂ ಭುಜಕ್ಕೆ ತಾಗಿ ಒಳಗೆ ಹೋಯಿತು ಎಂದು ಕೋಚ್ ನಕ್ಕರು.

ಕಾರಿನಲ್ಲಿ ಅಪ್ಪ ಅಮ್ಮನಿಗೆ ಹೇಳಿದರು: "ಅಷ್ಟು ವರ್ಷ ಆಡಿ ಒಂದೇ ಗೋಲಂತೆ ಕಣೇ. ನಮ್ಮಲ್ಲಿ ಹನ್ನೊಂದನೇ ಬ್ಯಾಟ್ಸ್‌ಮನ್ನೂ ಇದಕ್ಕಿಂತ ವಾಸಿ."

"ಪಾಪ, ಸುಳ್ಳಾದ್ರೂ ಹೇಳ್ಬಹುದಿತ್ತು," ಅಂದರು ಅಮ್ಮ.

ಸೀಸನ್ ಮುಗಿಯುವ ಹೊತ್ತಿಗೆ ಅಪ್ಪ ತೀರ್ಮಾನಿಸಿದ್ದರು. ಲಾಸ್ ಏಂಜಲೀಸ್‌ನ ಪಂದ್ಯವೇ ನನ್ನ ಕೊನೆಯದು, ಆಮೇಲೆ ಗಣಿತದ ಟ್ಯೂಷನ್. ನಾನು ಎದುರಾಡಲಿಲ್ಲ. ಆದರೆ ಆ ದೇಶದಲ್ಲಿ ನನ್ನದು ಅಂತ ಅನ್ನಿಸಿದ್ದು ಅದೊಂದೇ ಜಾಗ.

ಆ ಪಂದ್ಯದಲ್ಲಿ ಎದುರು ತಂಡದ ಹುಡುಗಿ ಬಲು ಚುರುಕು. ಆಟ ಮುಗಿಯುವವರೆಗೂ ನಾನು ಅವಳ ಸೊಂಟ ಬಿಟ್ಟು ಬೇರೇನೂ ನೋಡಲಿಲ್ಲ. ಅವಳಿಗೆ ಗೋಲಿನ ಹತ್ತಿರ ಬರಲಾಗಲೇ ಇಲ್ಲ. ಸೊನ್ನೆ ಸೊನ್ನೆಗೆ ಮುಗಿಯಿತು. ಇದನ್ನು ನೋಡೋಕೆ ಇಷ್ಟು ದೂರ ಡ್ರೈವ್ ಮಾಡಿದ್ನಾ ಎಂದು ಅಪ್ಪ ಗೊಣಗಿದರು.

ವಾಪಸು ಬರುವಾಗ ದಿನಸಿಗೆಂದು ಆರ್ಟೀಸಿಯಾದಲ್ಲಿ ನಿಲ್ಲಿಸಿದೆವು. ನಮ್ಮವರ ಅಂಗಡಿಗಳಿರುವ ಆ ಊರಿನಲ್ಲಿ ಪೋರ್ಚುಗೀಸರೂ ಬಹಳ ಜನ. ತಮ್ಮವರ ಬೇಕರಿಯ ಬ್ರೆಡ್ ಬೇಕೆಂದು ಕೋಚ್ ನಮ್ಮ ಕಾರಿನಲ್ಲೇ ಬಂದಿದ್ದರು. ಅವಲಕ್ಕಿಯ ಚೀಲ ಹಿಡಿದು ನಾವು ಬೇಕರಿಗೆ ಹೋದಾಗ, ಮುದುಕರೊಬ್ಬರು ಟೋಪಿ ತೆಗೆದು ಕೋಚ್ ಅವರ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಲೇ ಇದ್ದರು. ಕೋಚ್ ತಲೆ ತಗ್ಗಿಸಿ ನಿಂತಿದ್ದರು.

ಏನಂತೆ ಎಂದು ಅಪ್ಪ ಪಕ್ಕದಲ್ಲಿದ್ದ ಮುದುಕರ ಮಗಳನ್ನು ಕೇಳಿದರು. ಅವಳು ಇಂಗ್ಲಿಷಿನಲ್ಲಿ ತಿಳಿಸಿದಳು: ಪೋರ್ಚುಗಲ್‌ನಲ್ಲಿ ಇವರು ಆಡಿದ ದಿನ ನಮ್ಮೂರ ತಂಡದ ಗೋಲ್‌ಕೀಪರ್‌ನ ಅಂಗಿ ಒಗೆಯಬೇಕಾಗಿರಲಿಲ್ಲವಂತೆ. ಬಿದ್ದು ಎದ್ದು ಚೆಂಡು ಹಿಡಿಯುವ ಕೆಲಸವೇ ಬರುತ್ತಿರಲಿಲ್ಲವಂತೆ.

ನನಗೆ ಎದೆ ತುಂಬಿತು, ಆ ಆಟವನ್ನು ನಾನೇ ಆಡಿದ್ದೆನೇನೋ ಅನ್ನುವಷ್ಟು. ಕೋಚನ್ನು ಅವರ ಮನೆಗೆ ಬಿಟ್ಟ ಮೇಲೆ, ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು: "ಮಂಗಳವಾರ ಪ್ರಾಕ್ಟೀಸ್ ಎಷ್ಟೊತ್ತಿಗೆ ಪುಟ್ಟಿ?"

ಹೈಸ್ಕೂಲು ಮುಗಿಯುವವರೆಗೂ ಆಡಿದೆ...

ಈ ವರ್ಷದ ಮೊದಲಲ್ಲಿ ಕೋಚ್ ತೀರಿಕೊಂಡರು. ಮೈದಾನಕ್ಕೆ ಈಗ ಬೇರೆ ಕೋಚ್ ಬಂದಿದ್ದಾರೆ. ಆ ದಾರಿಯಲ್ಲಿ ಕಾರು ನಿಧಾನ ಮಾಡುತ್ತೇನೆ, ನಿಲ್ಲಿಸುವುದಿಲ್ಲ. ಅಂತ್ಯಕ್ರಿಯೆಗೆ ನಾನೊಬ್ಬಳೇ ಹೊರಟಿದ್ದೆ, ಅಪ್ಪ ರಜೆ ಹಾಕಿ ಜೊತೆಗೆ ಬಂದರು. ಚರ್ಚಿನ ಹಿಂದಿನ ಸಾಲಿನಲ್ಲಿ ಕೂತ ನಮ್ಮನ್ನು, ನೀವು ಅವರಿಗೆ ಏನಾಗಬೇಕು ಎಂದು ಯಾರೋ ಮೆಲ್ಲಗೆ ಕೇಳಿದರು.

"ಇವಳು," ಅಂದರು ಅಪ್ಪ, "ಅವರ ಡಿಫೆಂಡರ್."