ಚಂದ್ರಿಕೆ ಮಾರಿ ಸೊಪ್ಪು ತಂದೆ

ಅರವತ್ನಾಲ್ಕನೇ ಇಸವಿ. ನಿಮ್ಮ ತಾತ ತೀರಿಕೊಂಡು ವರ್ಷ ತುಂಬಿತ್ತು. ನಿಮ್ಮಪ್ಪನಿಗೆ ಮೂರು ವರ್ಷ. ಮುಳ್ಳೂರಿನ ಮನೆಯಲ್ಲಿ ನಾನೊಬ್ಬಳೇ ರೇಷ್ಮೆ ಹುಳ ಸಾಕುತ್ತಿದ್ದೆ. ಮಗುವಿಗೆ ಎರಡು ಹೊತ್ತು, ನನಗೆ ಒಂದೇ ಹೊತ್ತು ಊಟ. ಆ ಬೆಳೆ ಕೈಗೆ ಬಂದರೆ ಮಾತ್ರ ಮನೆಗೆ ರಾಗಿ.

ಹುಳ ಪೊರೆ ಬಿಡುವುದನ್ನು ನಾವು ಜ್ವರ ಅನ್ನುತ್ತೇವೆ. ಕೊನೆಯ ಜ್ವರ ಎದ್ದ ಹುಳ ಬಕಾಸುರನ ಹಾಗೆ ತಿನ್ನುತ್ತವೆ. ನಮ್ಮ ತುಂಡು ಹೊಲದ ಹಿಪ್ಪುನೇರಳೆ ಸೊಪ್ಪು ಮುಗಿದುಹೋಯಿತು. ನನ್ನ ತಲೆ ತುಂಬ ಅದೊಂದೇ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ಗೋಡೆಗೆ ಒರಗಿಸಿದ್ದ ಆರು ಚಂದ್ರಿಕೆ, ಹುಳ ಸಾಕುವವರ ಬಿದಿರಿನ ಅಗಲ ತಟ್ಟೆಗಳು, ಕಣ್ಣಿಗೆ ಬಿದ್ದವು. ಹಿಂದಿನ ಬೀದಿಯ ಕೆಂಪಮ್ಮಕ್ಕನಿಗೆ ಅವನ್ನು ಮಾರಿ ಸೊಪ್ಪು ಕೊಂಡು ತಂದೆ. ಎಂಥ ಉಪಾಯ ಮಾಡಿದೆ ಅಂತ ಒಳಗೊಳಗೇ ಹಿಗ್ಗಿದೆ.

ನಾಲ್ಕನೇ ದಿನ ಬೆಳಿಗ್ಗೆ ಹುಳ ಹಣ್ಣಾಗಿ ಹೊಳೆಯುತ್ತಿದ್ದವು. ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಎತ್ತುತ್ತಿದ್ದವು. ಅವನ್ನು ಬಿಡಬೇಕಾದದ್ದೇ ಚಂದ್ರಿಕೆಯ ಮೇಲೆ. ಕೈ ಚಾಚಿದರೆ ಬರೀ ಗೋಡೆ.

ಯಾರ ಬಾಗಿಲಲ್ಲೂ ನಿಂತು ಕೇಳಿದವಳಲ್ಲ ನಾನು. ಅವತ್ತು ಓಡಿದೆ.

"ಏನವ್ವಾ, ದೆವ್ವ ಕಂಡೋಳಂಗೆ ನಿಂತಿದ್ದೀ?" ಅಂದಳು ಕೆಂಪಮ್ಮಕ್ಕ.

"ಉಳ ಅಣ್ಣಾಗವೆ ಕಣಕ್ಕ."

"ಒಳ್ಳೇದೇ ಅಲ್ವಾ? ಓಗಿ ಚಂದ್ರಿಕೆಗೆ ಬುಡು."

ನಾನು ಅವಳ ಜಗುಲಿ ಮೇಲಿದ್ದ ಚಂದ್ರಿಕೆಗಳ ಕಡೆ ನೋಡಿದೆ. ಅವಳೂ ನೋಡಿದಳು. ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ! ಉಳ ಸಾಕೋಳು ಚಂದ್ರಿಕೆ ಮಾರ್ತಾಳಾ? ನಿನ್ ಸೆರಗ್ ಮೇಲೆ ಗೂಡು ಕಟ್ಟುಸ್ತೀಯಾ?"

"ಸೊಪ್ ಬುಟ್ರೆ ಬೇರೇನೂ ತಲೆಗೆ ಓಗ್ನಿಲ್ಲ ಅಕ್ಕ. ಗಂಡ ಸತ್ತ ಮ್ಯಾಕೆ ಇವಳಿಗೆ ತಲೆ ಕೆಟ್ಟದೆ ಅಂತ ಜನ ಅನ್ನೋದು ದಿಟ ಕಣಕ್ಕ," ಅಂತ ಅತ್ತುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. "ಉಂಡು ಎಷ್ಟೊತ್ತಾಯ್ತು?"

ಕೇಳಿದವಳೇ ಒಳಗಿಂದ ಮುದ್ದೆ ತಂದು ಕೈಗಿಟ್ಟಳು. "ನುಂಗು ಮೊದ್ಲು. ನನ್ ಉಳ ಇನ್ನೂ ಎರಡ್ನೇ ಜ್ವರ. ಗೂಡು ಬುಡಿಸ್ಕಂಡು ವಾಪಸ್ ಕೊಡುವಂತೆ, ನಡಿ." ಚಂದ್ರಿಕೆಗಳನ್ನು ತಾನೇ ತಲೆ ಮೇಲೆ ಹೊತ್ತು ಹೊರಟಳು.

ಮಧ್ಯಾಹ್ನದೊಳಗೆ ಇಬ್ಬರೂ ಕೂತು ಎಲ್ಲ ಹುಳ ಚಂದ್ರಿಕೆಗೆ ಬಿಟ್ಟೆವು. ಗೂಡು ಮಾರಾಟಕ್ಕೆ ಕೊಳ್ಳೇಗಾಲಕ್ಕೆ ಹೋಯಿತು, ರಾಗಿ ಮೂಟೆ ಮನೆಗೆ ಬಂತು.

ಹೊಟ್ಟೆ ತುಂಬ ಉಂಡ ಆ ವಾರ ಒಲೆ ಮುಂದೆ ಕೂತಿದ್ದೆ. ಮುಂದಿನ ಬೆಳೆಗೆ ಮೊಟ್ಟೆ ಯಾವಾಗ ತರಬೇಕು, ಸೊಪ್ಪಿಗೆ ತಕ್ಕಂತೆ ಎಷ್ಟು ಹುಳ ಸಾಕಬೇಕು, ಎಲ್ಲ ಒಂದೊಂದಾಗಿ ಹೊಳೆಯತೊಡಗಿತು. ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ತಲೆ ಕೆಟ್ಟಿರಲಿಲ್ಲ ಮಕ್ಕಳೇ, ಹೊಟ್ಟೆ ಹಸಿದಿತ್ತು ಅಷ್ಟೇ. ಅದು ಗೊತ್ತಾದ ಆ ಗಳಿಗೆಯನ್ನು ನೆನೆಸಿಕೊಂಡರೆ ಇವತ್ತಿಗೂ ಉಸಿರು ಹಗುರಾಗುತ್ತದೆ.