ಗೂಡಿನೊಳಗಿನ ನೆಲಕ್ಕೆ ಚರಗ

ಕೂಡ್ಲಿಗಿ ಹೊರಗಿನ ಹುಲ್ಲುಗಾವಲಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಳೆತ್ತರದ ಪ್ಲಾಸ್ಟಿಕ್ ಗೋಡೆಯ, ಚಾವಣಿಯಿಲ್ಲದ ದುಂಡನೆಯ ಗೂಡಿನೊಳಗೆ ಎರ್ರೆಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹುಲ್ಲನ್ನು ಬುಡಕ್ಕೆ ಕತ್ತರಿಸಿ, ಕರಡ ಹುಲ್ಲನ್ನು ಒಂದು ಚೀಲಕ್ಕೆ, ಎಲೆಗಿಡಗಳನ್ನು ಇನ್ನೊಂದಕ್ಕೆ ಹಾಕುತ್ತಾರೆ. ಹೊತ್ತು ಮುಳುಗುವುದರೊಳಗೆ ಎರಡು ಗೂಡು ಮುಗಿಯಬೇಕು. ಮಂಡಿ ಹಿಡಿದುಕೊಂಡಿದೆ, ಏಳಲು ನೆಲಕ್ಕೆ ಕೈಯೂರುತ್ತಾರೆ.

ಗೂಡಿನೊಳಗೆ ಕೊಳವೆಯಿಂದ ಇಂಗಾಲದ ಡೈ ಆಕ್ಸೈಡ್ ಬಿಡುತ್ತಾರೆ. ಐವತ್ತು ವರ್ಷದಾಚೆ ಬರಬಹುದಾದ ಗಾಳಿಯನ್ನು ಇಂದೇ ಉಣಿಸಿ, ಯಾವ ಗಿಡ ಗೆಲ್ಲುತ್ತದೆಂದು ನೋಡುವ ಪ್ರಯೋಗ. 1999ರಲ್ಲಿ ಶುರುವಾದದ್ದು, ಇದು ಐದನೇ ಮಳೆಗಾಲ. ದನ ಮೇಯುವ ಕರಡ ಇದ್ದಷ್ಟೇ ಇದೆ. ದನ ಮೂಸದ, ಬಂದರೆ ಎಂಬ ಪೊದೆಗಿಡ ಮಾತ್ರ ಮೈದುಂಬುತ್ತಿದೆ. ಎಲ್ಲೋ ಸುಟ್ಟ ಹೊಗೆಗೆ ಇಲ್ಲಿಯ ಹುಲ್ಲು ಉತ್ತರ ಕೊಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ.

ಹೋದ ವರ್ಷ ಈ ಕೆಲಸವೇ ಎರ್ರೆಮ್ಮನ ಕೈತಪ್ಪುವುದರಲ್ಲಿತ್ತು. ಸೀಗಿ ಹುಣ್ಣಿಮೆಯಂದು ಬಸುರಿ ಭೂಮಿಗೆ ಬಯಕೆಯ ಊಟವೆಂದು ಹೊಲಕ್ಕೆಲ್ಲ ಚರಗ ಚೆಲ್ಲುವ ಮಂದಿ ಇವರು. ಕುದಿಸಿದ ಕಾಳು, ಸೊಪ್ಪು, ಕಡುಬು ಬುಟ್ಟಿಯಲ್ಲಿ ತಂದು ಎರ್ರೆಮ್ಮ ಗೂಡುಗಳೊಳಗೂ ಚೆಲ್ಲಿದರು. ವಾಸನೆ ಹಿಡಿದು ಬೇಲಿ ನುಗ್ಗಿ ಬಂದ ಕಾಡುಹಂದಿಗಳು ಪ್ಲಾಸ್ಟಿಕ್ ಹರಿದು, ನೆಲವನ್ನೆಲ್ಲ ಉತ್ತು ಹಾಕಿದವು. ಒಂದು ವರ್ಷದ ಹುಲ್ಲು ಮಣ್ಣುಪಾಲಾಯಿತು.

"ಆ ನೆಲಾನೂ ಬಸುರಿ ಅಲ್ಲೇನ್ರಿ? ದಿನಾ ಆ ಗಾಳಿ ಕುಡಿತೈತಿ. ಒಂದು ತುತ್ತು ಕೊಡಬಾರದಾ ಅನಿಸ್ತು" ಎನ್ನುತ್ತಾರೆ.

ಮೇಲಿನವರು ಆಕೆಯನ್ನು ಬಿಡಿಸಿ ಎಂದರು. ಉಸ್ತುವಾರಿಯ ಸೋಮಶೇಖರ್ ಹರಪನಹಳ್ಳಿಯವರು. ಅವರ ತಾಯಿಯೂ ಚರಗ ಚೆಲ್ಲುವವರೇ. ಸೋಮಶೇಖರ್ ಅವರಿಗೂ ಕೆಟ್ಟ ಸಿಟ್ಟು ಬಂದಿತ್ತು. ಆದರೂ ಇನ್ನೊಮ್ಮೆ ಹೀಗಾಗದಂತೆ ತಾವೇ ನೋಡಿಕೊಳ್ಳುವುದಾಗಿ ಹೇಳಿ, ಬೇಡಿಕೊಂಡು ಎರ್ರೆಮ್ಮನನ್ನು ಉಳಿಸಿಕೊಂಡರು. ಆಕೆಗೆ ಹೇಳಿದ್ದು ಒಂದೇ ಮಾತು: "ನಿಮ್ಮ ಭಕ್ತಿ ಬೇಲಿ ಹೊರಗ ಇರಲಿ, ಎರ್ರೆಮ್ಮಾ."

ಎರ್ರೆಮ್ಮ ಈ ಸಲದ ಹುಣ್ಣಿಮೆಗೆ ಬುಟ್ಟಿ ಹೊತ್ತು ಬಂದು, ಬೇಲಿಯಿಂದ ದೂರದಲ್ಲೇ ಚೆಲ್ಲಿ, ಗೂಡುಗಳ ಕಡೆ ಕೈಮುಗಿದು ಮನೆಗೆ ಹೋದರು. ಅಂದು ತಮಗೂ ಊಟ ಸೇರಲಿಲ್ಲವಂತೆ.

ಕೂಲಿ ಹೆಚ್ಚಾಗಬೇಕೇ ಎಂದರೆ ಬೇಡವೆನ್ನುವುದಿಲ್ಲ, ನಗುತ್ತಾರೆ. ಆದರೆ ಕೇಳಿಕೊಳ್ಳುವುದು ಬೇರೆಯೇ. ಪ್ರಯೋಗ ಮುಗಿದು ಗೋಡೆ ಕಿತ್ತ ದಿನ ತಮಗೊಂದು ಮಾತು ತಿಳಿಸಬೇಕು.

"ಅವತ್ತು ಹುಣ್ಣಿವಿ ಇರಲಿ, ಬಿಡಲಿ. ಬುಟ್ಟಿ ತುಂಬಿಸ್ಕೊಂಡು ಬರ್ತೀನ್ರಿ. ಇಷ್ಟು ವರ್ಷ ಕೊಯ್ದಾಕಿ ನಾನು, ಉಣಿಸಾಕೂ ನಾನೇ ಬರಬೇಕಲ್ರಿ."