ಎರಡು ಸೇರು ಕಗ್ಗದಿಂದ ಎದ್ದ ಗದ್ದೆ

ಬೆಳಗಿನ ಆರು ಗಂಟೆ. ಅವರ್ಸಾದ ಕಡಲಂಚಿನ ಉಪ್ಪುನೆಲದಲ್ಲಿ, ಗಜನಿ ಗದ್ದೆಯ ಏರಿಯ ಮೇಲೆ ಮಾದೇವಿ ಗೌಡ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ಹೊಳೆಯಲ್ಲಿ ಕಡಲ ಭರತ ಏರುತ್ತಿದೆ. ತೂಬಿನ ಹಲಗೆ ಮೇಲೆತ್ತುತ್ತಲೇ ಉಪ್ಪುನೀರು ಕೊಯ್ಲಾದ ಗದ್ದೆಯೊಳಕ್ಕೆ ನುಗ್ಗುತ್ತದೆ. ಜೊತೆಗೆ ಸಿಗಡಿಯ ಮರಿಗಳೂ; ಇಲ್ಲಿನವರ ಬಾಯಲ್ಲಿ ಅದು ಶೆಟ್ಲಿ.

“ಕೂಳೆ ಕೊಳಿತದೆ, ಅದ್ನ ಶೆಟ್ಲಿ ತಿಂತದೆ. ಶೆಟ್ಲಿ ಹಿಕ್ಕೆನೇ ಗೊಬ್ಬರ. ಮಳೆಗೆ ಉಪ್ಪೆಲ್ಲ ತೊಳ್ಕಂಡು ಹೋಗ್ತದೆ, ಆಗ ಕಗ್ಗ ಬಿತ್ತುದು. ಇದ್ರಲ್ಲಿ ನಂದೇನದೆ ತಮಾ? ಹಲಗೆ ಎತ್ತುದು, ಇಳ್ಸುದು, ಅಷ್ಟೇ” ಎನ್ನುತ್ತಾರೆ ಅರವತ್ತೆರಡರ ಮಾದೇವಿ.

ಕಗ್ಗ ಎಂದರೆ ಉಪ್ಪಿಗೆ ಹೆದರದ ಭತ್ತ. ಮಾದೇವಿಯ ಬಾಲ್ಯದಲ್ಲಿ ಇಲ್ಲೆಲ್ಲ ಅದೇ. ನೀರು ನಿಂತ ಗದ್ದೆಯಲ್ಲಿ ಅಪ್ಪ ತೆನೆಯನ್ನಷ್ಟೇ ಕೊಯ್ದು ದೋಣಿಗೆ ತುಂಬುತ್ತಿದ್ದ. ಬೇಸಿಗೆಯಲ್ಲಿ ಕೇರಿಯವರೆಲ್ಲ ಬಲೆ ಹಿಡಿದು ಅದೇ ಗದ್ದೆಗೆ ಇಳಿಯುತ್ತಿದ್ದರು. “ಅವತ್ತು ಊರಲ್ಲಿ ಒಂದ್ ಮನೆಲೂ ಮೀನಿಲ್ದ ಸಾರಿಲ್ಲ” ಎಂದು ಅವರು ನಗುತ್ತಾರೆ.

ಆಮೇಲೆ ಹೆಚ್ಚು ಇಳುವರಿಯ ಬೀಜ ಬಂತು, ಕಗ್ಗ ಮರೆಯಾಯಿತು. ಹನ್ನೆರಡು ವರ್ಷದ ಹಿಂದೆ ನೆರೆಗೆ ಏರಿ ಒಡೆದು ಉಪ್ಪುನೀರು ನಿಂತಾಗ ಆ ಪೈರು ಒಂದೇ ವಾರದಲ್ಲಿ ಸುಟ್ಟಂತೆ ಕೆಂಪಾಯಿತು. ನಾಲ್ಕು ವರ್ಷ ಗದ್ದೆ ಪಾಳು. ಗಂಡ ಮಾಸ್ತಿ ಕೂಲಿಗೆ ಹೊರಟರು. ಸಿಗಡಿ ಕೆರೆ ತೋಡುತ್ತೇವೆಂದು ಬಂದವರಿಗೆ ಮಾದೇವಿ ಜಾಗ ಕೊಡಲಿಲ್ಲ. ಕಗ್ಗ ಹುಡುಕುತ್ತ ಊರೂರು ಅಲೆದರು. ಬೊಬ್ರುವಾಡದಲ್ಲಿ ಗಂಗೆ ಎಂಬ ಅಜ್ಜಿ, ದೇವರಿಗೆ ಹೊಸಕ್ಕಿ ಇಡಲೆಂದೇ ಪ್ರತಿವರ್ಷ ಒಂದು ಮೂಲೆಯಲ್ಲಿ ಅದನ್ನು ಬೆಳೆಯುತ್ತಿದ್ದರು. ಇದ್ದುದರಲ್ಲೇ ಎರಡು ಸೇರು ಅಳೆದುಕೊಟ್ಟರು.

ಮೊದಲ ವರ್ಷ ಅರ್ಧವನ್ನು ಹಕ್ಕಿಗಳೇ ತಿಂದವು. ಉಳಿದ ಒಂದು ಕಾಳನ್ನೂ ಮಾದೇವಿ ಬೇಯಿಸಲಿಲ್ಲ, ಎಲ್ಲ ಬೀಜಕ್ಕೆ. ಮೂರನೆಯ ವರ್ಷ ಎರಡೆಕರೆ ತುಂಬಿತು. ಅಂದು ಗಂಜಿ ಕಾಯಿಸಿ ಗಂಗಜ್ಜಿಗೆ ಒಯ್ದರು. ಹಲ್ಲಿಲ್ಲದ ಬಾಯಲ್ಲಿ ಒಂದು ಗುಟುಕು ಕುಡಿದ ಅಜ್ಜಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನಮ್ಮವ್ವನ ಮನೆ ಗಂಜಿ” ಎಂದರು. ಮುಂದಿನ ಮಳೆಗಾಲ ಅವರು ತೀರಿಕೊಂಡರು.

ಈಗ ಸುತ್ತಲಿನ ಹನ್ನೊಂದು ಮನೆಯವರು ಕಗ್ಗ ಬಿತ್ತುತ್ತಾರೆ. ಯಾರೂ ಗೊಬ್ಬರ ತರುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಮಾಸ್ತಿ ಕೂಲಿ ಬಿಟ್ಟು ಏರಿ ಕಾಯುತ್ತಾರೆ.

ಇನ್ನೇನು ಆಸೆ ಎಂದರೆ ಮಾದೇವಿ ಕೈಯ ಕೆಸರು ತೊಳೆಯುತ್ತ ಹೇಳುತ್ತಾರೆ: “ಬೀಜಕ್ಕಾಗಿ ಇನ್ಯಾರೂ ಊರೂರು ತಿರುಗುದು ಬ್ಯಾಡ. ಪಕ್ಕದ ಮನೇಲಿ ಕೇಳಿದ್ರೆ ಸಿಗ್ಲಿ. ಅಷ್ಟಾದ್ರೆ ಸಾಕು ತಮಾ.”